ಸೇವೆಗೆ ವಯಸ್ಸಿನ ಹಂಗೇಕೆ?

ವಿದ್ಯಾರ್ಥಿದೆಸೆಯು ಕೇವಲ ಸಿದ್ಧತೆಯ ಕಾಲವೆಂದೂ, ಲೋಕಸೇವೆಯು ದೊಡ್ಡವರಾದ ಮೇಲೆ ಮಾಡತಕ್ಕ ಕಾರ್ಯವೆಂದೂ ನಮ್ಮಲ್ಲಿ ಅನೇಕರು ನಂಬಿರುವರು. ಈ ನಂಬಿಕೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ರೋಮ್ ನಗರದ ದೃಷ್ಟಾಂತವೊಂದನ್ನು ಓದುಗ ಮಿತ್ರರ ಮುಂದಿಡುತ್ತೇವೆ.

1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿಯು ಕೆಲವು ಗೆಳೆಯರನ್ನು ಕೂಡಿಕೊಂಡು ಬೈಬಲ್ಲನ್ನು ಓದತೊಡಗಿದನು. ಓದಿದುದನ್ನು ಬಾಳಿನಲ್ಲಿ ತರಬೇಕೆಂದು ಆ ತರುಣರು ನಗರದಂಚಿನ ಜೋಪಡಿಗಳಿಗೆ ಹೋಗಿ, ಬಡಮಕ್ಕಳಿಗೆ ಪಾಠ ಹೇಳಿದರು. 1973ರಲ್ಲಿ ತ್ರಾಸ್ತೇವೆರೆ ಎಂಬ ಬಡಾವಣೆಯ ಹಳೆಯ ಮಠವೊಂದು ಅವರಿಗೆ ನೆಲೆಯಾಯಿತು. ಅದರ ಹೆಸರೇ ಸಂಘಕ್ಕೆ ಬಂದು 'ಸಾಂತ್ ಏಜಿದಿಯೊ' ಎಂದಾಯಿತು. ಇದರ ಸದಸ್ಯರಲ್ಲಿ ಬಹುಮಂದಿ ಸಂಸಾರ, ಉದ್ಯೋಗಗಳಲ್ಲಿರುವ ಸಾಮಾನ್ಯ ಜನರು. ಸಂಜೆ ಒಟ್ಟಾಗಿ ಪ್ರಾರ್ಥಿಸುವುದು, ಬಡವರನ್ನು ಗೆಳೆಯರಂತೆ ಕಾಣುವುದು, ಇವೆರಡೇ ಅವರ ಮುಖ್ಯ ವ್ರತಗಳು.

1983ರ ಜನವರಿಯಲ್ಲಿ ರೋಮಿನ ರೈಲುನಿಲ್ದಾಣದಲ್ಲಿ ಮೊದೆಸ್ತಾ ಎಂಬ ಮನೆಯಿಲ್ಲದ ವೃದ್ಧೆಯು ಕಾಯಿಲೆ ಬಿದ್ದಳು. ಮೈ ಕೊಳೆಯಾಗಿದೆಯೆಂದು ಆಕೆಯನ್ನು ಆಸ್ಪತ್ರೆಗೆ ಒಯ್ಯದೆ ಹೋದುದರಿಂದ ಅಲ್ಲಿಯೇ ಅಸುನೀಗಿದಳು. ಪ್ರತಿವರ್ಷವೂ ಈ ಸಂಘದವರು ಸಭೆಗೂಡಿ, ಆಕೆಯ ಹೆಸರನ್ನೂ ಬೀದಿಯಲ್ಲಿ ಮಡಿದ ಇತರರ ಹೆಸರುಗಳನ್ನೂ ಹೇಳಿ ಪ್ರಾರ್ಥಿಸುತ್ತಾರೆ. ಕೈಗೆ ಕಾಸು ಹಾಕಿ ಮುಂದೆ ಸಾಗುವುದು ಸುಲಭ. ಹೆಸರು ಕೇಳಿ ನೆನಪಿಟ್ಟುಕೊಳ್ಳುವುದು ಕಷ್ಟ. ಸೇವೆಯೆಂಬುದು ಈ ಕಷ್ಟದಿಂದಲೇ ಮೊದಲಾಗುತ್ತದೆಂದು ನಾವು ತಿಳಿಯುತ್ತೇವೆ.

ಪ್ರಾರ್ಥನೆಯಿಂದ ಹಸಿದವನ ಹೊಟ್ಟೆ ತುಂಬೀತೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಒಂದು ದಿನದ ಮರುಕವು ಮರುದಿನಕ್ಕೆ ಆರುವುದುಂಟು. ಅದನ್ನು ವರ್ಷಾನುಗಟ್ಟಲೆ ಆರದಂತೆ ಕಾಯುವ ಶಕ್ತಿಯನ್ನು ಅವರು ಪ್ರಾರ್ಥನೆಯಿಂದ ಪಡೆದರು. ಮೊಜಾಂಬಿಕ್ ದೇಶದಲ್ಲಿ ಹದಿನಾರು ವರ್ಷಗಳ ಕಾಲ ಒಳಯುದ್ಧ ನಡೆದಿತ್ತು. 1990ರಿಂದ ಉಭಯ ಪಕ್ಷದವರು ರೋಮಿನ ಅದೇ ಮಠದಲ್ಲಿ ಮಾತುಕತೆಗೆ ಕುಳಿತರು. 1992ರ ಅಕ್ಟೋಬರ್ 4ರಂದು ಶಾಂತಿಯ ಒಪ್ಪಂದಕ್ಕೆ ರುಜು ಬಿದ್ದಿತು. ಸೈನ್ಯವಾಗಲಿ ಅಧಿಕಾರವಾಗಲಿ ಇಲ್ಲದ ಸಂಘವು ತಾಳ್ಮೆಯೊಂದನ್ನೇ ಬಂಡವಾಳವಾಗಿಸಿ ಮಧ್ಯಸ್ಥಿಕೆಯಲ್ಲಿ ಪಾಲುಗೊಂಡಿತ್ತು.

ಅವರ ಧರ್ಮವೇ ನಮ್ಮದಾಗಬೇಕೆಂದಿಲ್ಲ. ಆದರೆ ಅವರ ಆರಂಭವನ್ನು ಗಮನಿಸಿರಿ: ಶಾಲೆ ಬಿಟ್ಟ ಮೇಲಿನ ಒಂದೆರಡು ಗಂಟೆ, ತಾವು ಕಲಿತ ಅಕ್ಷರ, ಜೊತೆಗೆ ಕೆಲವರು ಗೆಳೆಯರು. ಇಷ್ಟು ನಮ್ಮಲ್ಲಿಯೂ ಉಂಟು. ಅಭ್ಯಾಸಕ್ಕೆ ಭಂಗ ಬರುವುದೆಂಬ ಭಯವೂ ಬೇಡ. ಇನ್ನೊಬ್ಬರಿಗೆ ಕಲಿಸಿದ ಪಾಠವು ನಮಗೂ ಮರೆಯದು. ನಮ್ಮ ಶಾಲೆಯ ಆಸುಪಾಸಿನಲ್ಲಿ ಓದು ಬಾರದ ಮಗುವೊಂದು ಇದ್ದರೆ, ಮೊದಲು ಅದರ ಹೆಸರನ್ನು ಕೇಳೋಣ.