ಅಳತೆಗೆ ಕಾವಲುಂಟು, ಲೆಕ್ಕಕ್ಕೆ?

ಸೇನೆಯ ತೋಟಾ ಬೇರೆ, ಜನರ ತೋಟಾ ಬೇರೆ. ನಮ್ಮ ಬಂದೂಕು ಕಾನೂನು ನಿಂತಿರುವುದು ಬಹುಮಟ್ಟಿಗೆ ಈ ನಂಬಿಕೆಯ ಮೇಲೆ. ಸೇನೆ, ಪೊಲೀಸರು ಬಳಸುವ 9 ಎಂ.ಎಂ. ತೋಟಾ ಹಿಡಿಸುವ ಪಿಸ್ತೂಲು ಸಾಮಾನ್ಯ ಲೈಸೆನ್ಸುದಾರನಿಗೆ ಸಿಗುವುದಿಲ್ಲ. ಅವನಿಗೆ ಸಿಗುವುದು .32ರ ಪಿಸ್ತೂಲು; ಮಿಲಿಮೀಟರಿನಲ್ಲಿ ಹೇಳಿದರೆ 7.65. ದೊಡ್ಡದು ಸರ್ಕಾರಕ್ಕೆ, ಚಿಕ್ಕದು ಜನಕ್ಕೆ. ಕೇಳಲು ಅಚ್ಚುಕಟ್ಟಾದ ಪಾಲು. ಆದರೆ ಈ ಪಾಲು ನಮ್ಮನ್ನು ಕಾಯಲಿಲ್ಲ ಎಂಬುದು ನನ್ನ ತಕರಾರು.

ನಾನು ಚಾಮರಾಜಪೇಟೆಯವನು, ಸಾಕ್ಷಿಗೆ ದೂರ ಹೋಗಬೇಕಿಲ್ಲ. ಇಲ್ಲಿನ ಟಿ.ಆರ್. ಮಿಲ್ ಬಳಿಯ ರುದ್ರಭೂಮಿಯಲ್ಲಿ 2017ರ ಸೆಪ್ಟೆಂಬರ್ 6ರಂದು ಗೌರಿ ಲಂಕೇಶರನ್ನು ಮಣ್ಣು ಮಾಡಿದರು. ಪೊಲೀಸರು ಆಕಾಶಕ್ಕೆ ಗುಂಡು ಹಾರಿಸಿ ಸರ್ಕಾರಿ ಗೌರವ ಸಲ್ಲಿಸಿದರು. ಹಿಂದಿನ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ, ಅವರ ಮನೆ ಬಾಗಿಲಲ್ಲೇ ಅವರನ್ನು ಕೊಂದ ಗುಂಡು 7.65 ಎಂ.ಎಂ.ನದು. ಎರಡು ವರ್ಷ ಮೊದಲು, 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ 7.65. ಎರಡು ಕಡೆಯೂ ಹಾರಿದ್ದು ಒಂದೇ ನಾಡ ಪಿಸ್ತೂಲಿನಿಂದ ಎನ್ನುತ್ತದೆ ಎಸ್‌ಐಟಿ. ಅದು ಗೊತ್ತಾದದ್ದು ಗುಂಡು ಮತ್ತು ಖಾಲಿ ತೋಟಾಗಳ ಮೇಲೆ ಬಿದ್ದ ಗೀರುಗಳಿಂದ. ಅಂದರೆ, ಕಾನೂನು ‘ಚಿಕ್ಕದು’ ಎಂದು ಜನರ ಪಾಲಿಗೆ ಬಿಟ್ಟ ಅಳತೆಯೇ ಇಬ್ಬರನ್ನೂ ತೆಗೆದುಕೊಂಡು ಹೋಯಿತು.

ಕಾನೂನು ಈ ಗೆರೆ ಎಳೆಯುವ ರೀತಿ ನೋಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 1962ರ ನಿಯಮಗಳು ಪಿಸ್ತೂಲನ್ನು ಅಳೆದದ್ದು ಅದರ ಹೊಟ್ಟೆಗೆ ಯಾವ ತೋಟಾ ಹೋಗುತ್ತದೆ ಎಂಬುದರಿಂದ. ಸೇವೆಯಲ್ಲಿರುವ 9 ಎಂ.ಎಂ. ತೋಟಾ ಹಾರಿಸಬಲ್ಲದಾದರೆ ಅದು ನಿರ್ಬಂಧಿತ. ಸೇನೆಯ ಉಗ್ರಾಣದಿಂದ ಕದ್ದ ತೋಟಾ ಖಾಸಗಿ ಪಿಸ್ತೂಲಿಗೆ ಹೊಂದಬಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ. ಬ್ರಿಟಿಷರಿಗೆ ದಂಗೆಯ ಭಯವಿತ್ತು, ಅವರಿಗೆ ಈ ಲೆಕ್ಕ ಸರಿಯೇ. ಇದು ಸರ್ಕಾರವನ್ನು ಜನರಿಂದ ಕಾಯುವ ಗೆರೆ. ಜನರನ್ನು ಕೊಲೆಗಾರರಿಂದ ಕಾಯುವ ಗೆರೆ ಇದಲ್ಲ.

‘ಸೇನೆಯದು ಎಂದರೆ ಹೆಚ್ಚು ಘೋರ’ ಎಂಬುದೂ ಪೂರ್ತಿ ನಿಜವಲ್ಲ. 9 ಎಂ.ಎಂ. ಗುಂಡು ಸುಮಾರು 8 ಗ್ರಾಂ, 7.65ರದ್ದು ಐದು ಗ್ರಾಮಿಗೂ ಕಡಿಮೆ. ಬಲದಲ್ಲಿ ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಾಲ್ಕು ಅಡಿ ದೂರದಲ್ಲಿ ನಿಂತ ಮನುಷ್ಯನ ತಲೆಗೆ ಆ ವ್ಯತ್ಯಾಸದಿಂದ ಏನು ಲಾಭ? ಇನ್ನೊಂದು ವಿಚಿತ್ರವಿದೆ. ಮೈಗೆ ಹೊಕ್ಕು ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಹೇಳಿತು. ಆ ಗುಂಡಿಗೆ ‘ದಮ್‌ದಮ್’ ಎಂಬ ಹೆಸರು ಬಂದದ್ದೇ ಕಲ್ಕತ್ತೆಯ ಪಕ್ಕದ ಕಾರ್ಖಾನೆಯಿಂದ. ಹಾಗಾಗಿ ಸೈನಿಕನ ಗುಂಡಿಗೆ ಪೂರ್ತಿ ಲೋಹದ ಕವಚವಿರುತ್ತದೆ. ಅಮೆರಿಕದ ಅಂಗಡಿಗಳಲ್ಲಾದರೋ ಅರಳುವ ಗುಂಡು ಮನೆ ರಕ್ಷಣೆಗೆಂದು ರಾಜಾರೋಷವಾಗಿ ಮಾರಾಟವಾಗುತ್ತದೆ. ಶತ್ರು ಸೈನಿಕನ ಮೇಲೆ ಹಾರಿಸಬಾರದ್ದನ್ನು ಪಕ್ಕದ ಬೀದಿಯವನ ಮೇಲೆ ಹಾರಿಸಬಹುದು!

ಹಾಗಾದರೆ ಕಾಯಬೇಕಾದ್ದು ಏನನ್ನು? ಲೆಕ್ಕವನ್ನು. ನಾಡ ಪಿಸ್ತೂಲನ್ನು ಒಂದು ಲೇತ್ ಯಂತ್ರ ಇಟ್ಟುಕೊಂಡು ಶೆಡ್ಡಿನಲ್ಲಿ ಮಾಡಬಹುದು. ಒಳ್ಳೆಯ ತೋಟಾ ಹಾಗೆ ಆಗುವುದಿಲ್ಲ. ಹಿತ್ತಾಳೆಯನ್ನು ಎಳೆದು ಕೋಶ ಮಾಡಬೇಕು, ತಳದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಕೂರಿಸಬೇಕು, ಹೊಗೆಯಿಲ್ಲದ ಮದ್ದನ್ನು ತೂಗಿ ತುಂಬಬೇಕು. ಅದಕ್ಕೆ ಕಾರ್ಖಾನೆ ಬೇಕು. ನಮ್ಮಲ್ಲಿ ಬಹುಕಾಲ 9 ಎಂ.ಎಂ. ತಯಾರಿಸಿದ್ದೂ ಸರ್ಕಾರಿ ಕಾರ್ಖಾನೆಗಳೇ, .32 ತಯಾರಿಸಿದ್ದೂ ಅವೇ. ಪಿಸ್ತೂಲು ಕಳ್ಳದಾಗಿದ್ದರೂ ಅದರ ತೋಟಾ ಬಹುಪಾಲು ಯಾವುದೋ ಒಂದು ಕಡೆ ಸಕ್ರಮವಾಗಿಯೇ ಹುಟ್ಟಿರುತ್ತದೆ. ಅದು ದಾರಿ ತಪ್ಪುವುದು ಆಮೇಲೆ. ಅಂಗಡಿಯಲ್ಲಿ ರಿಜಿಸ್ಟರ್ ಇದೆ, ಲೈಸೆನ್ಸಿನಲ್ಲಿ ನಮೂದು ಇದೆ. ಆದರೆ ಅಂಗಳದಲ್ಲಿ ಬಿದ್ದ ಖಾಲಿ ತೋಟಾದ ತಳದ ಮುದ್ರೆ ಕಾರ್ಖಾನೆಯ ಹೆಸರು ಹೇಳೀತು, ಕೊಂಡವನ ಹೆಸರನ್ನಲ್ಲ.

ಹೇಳುವಂತೆ ಮಾಡಬಹುದು. ಬ್ರೆಜಿಲ್ 2003ರ ಕಾನೂನಿನಲ್ಲಿ, ಪೊಲೀಸರಿಗೂ ಸೇನೆಗೂ ಹೋಗುವ ತೋಟಾಗಳ ತಳದಲ್ಲಿ ಲಾಟ್ ಗುರುತು ಇರಬೇಕೆಂದಿತು. 2018ರ ಮಾರ್ಚ್ 14ರಂದು ರಿಯೋ ಡಿ ಜನೈರೋದಲ್ಲಿ ನಗರಸಭಾ ಸದಸ್ಯೆ ಮರಿಯೆಲ್ಲೆ ಫ್ರಾಂಕೋ ಹತ್ಯೆಯಾದಾಗ ಸಿಕ್ಕ 9 ಎಂ.ಎಂ. ಕೋಶಗಳ ಮೇಲಿನ ಗುರುತು, ಅವು 2006ರಲ್ಲಿ ಫೆಡರಲ್ ಪೊಲೀಸರಿಗೆ ಮಾರಿದ ಲಾಟಿನವು ಎಂದು ತೋರಿಸಿತು. ಸರ್ಕಾರದ ಪಾಲು ಸುರಕ್ಷಿತ ಎಂಬ ಭ್ರಮೆಯೂ ಅಲ್ಲಿಗೆ ಮುಗಿಯಿತು. ಆ ಲಾಟ್ ಲಕ್ಷಗಟ್ಟಲೆ ತೋಟಾಗಳಷ್ಟು ದೊಡ್ಡದಾಗಿದ್ದರಿಂದ ಯಾವ ಕೈಯಿಂದ ಜಾರಿತೆಂಬುದು ಗುರುತೊಂದರಿಂದಲೇ ಸಿಗಲಿಲ್ಲ. ಪಾಠ ಸ್ಪಷ್ಟ: ಗುರುತು ಬೇಕು, ಲಾಟ್ ಚಿಕ್ಕದಿರಬೇಕು.

‘ಕಳ್ಳ ಗುರುತನ್ನೇ ಉಜ್ಜಿಹಾಕುತ್ತಾನೆ’ ಎನ್ನುವವರಿದ್ದಾರೆ. ಉಜ್ಜಲಿ. ಅದಕ್ಕೂ ಅವನಿಗೆ ಶ್ರಮ ಬೇಕು, ತೋಟಾ ಮಾರಿದವನಿಗೆ ಎದೆ ಹೊಡೆದುಕೊಳ್ಳಬೇಕು. ‘ಖರ್ಚು’ ಎನ್ನುವವರಿಗೆ ಒಂದು ಮಾತು: ಮಾತ್ರೆಯ ಪಟ್ಟಿಗೂ ಬ್ಯಾಚ್ ನಂಬರು ಹಾಕುವ ದೇಶವಿದು. ಚುನಾವಣೆ ಬಂದಾಗ ಲೈಸೆನ್ಸುದಾರರ ಕೋವಿಗಳನ್ನು ಠಾಣೆಗೆ ತರಿಸಿ ಎಣಿಸಲು ಬರುವ ಸರ್ಕಾರಕ್ಕೆ ತೋಟಾ ಎಣಿಸಲು ಬಾರದೆ?

2019ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ತಯಾರಕನಿಂದ ಕೊಳ್ಳುವವನವರೆಗೆ ಬಂದೂಕನ್ನೂ ತೋಟಾವನ್ನೂ ಹಿಂಬಾಲಿಸುವ ನಿಯಮ ಮಾಡುವ ಅಧಿಕಾರವೂ ಸರ್ಕಾರಕ್ಕೆ ಬಂತು. ಆ ಅಧಿಕಾರ ಪ್ರತಿ ಕೋಶದ ಹಿತ್ತಾಳೆಯ ಮೇಲೆ ಮೂಡಬೇಕು. ಸೇನೆಯದಿರಲಿ, ಪೊಲೀಸರದಿರಲಿ, ಜನರದಿರಲಿ. ಕೊಂದವರು ಯಾರೆಂದು ನ್ಯಾಯಾಲಯ ಹೇಳುತ್ತದೆ. ತೋಟಾ ಯಾವ ಬಾಗಿಲಿಂದ ಹೊರಬಿತ್ತು ಎಂದು ಹೇಳಬೇಕಾದವರು, ಅದನ್ನು ಮಾಡಿ ಮಾರಿದವರು.