ಕೂಗುವ ಅಲಾರಂ, ತಡೆಯುವ ಬೀಗ

ಅಲಾರಂ ಕೂಗಬಲ್ಲದು, ಕಳ್ಳನನ್ನು ತಡೆಯಲಾರದು. ಅಮೆರಿಕದಲ್ಲಿ 2021ರಿಂದೀಚೆಗೆ ಹ್ಯುಂಡೈ, ಕಿಯಾ ಕಾರುಗಳ ಕಳವು ವಿಪರೀತವಾಯಿತು. ಸರಿಯಾದ ಕೀಲಿಯನ್ನು ಗುರುತಿಸಿದ ಮೇಲೆಯೇ ಎಂಜಿನ್ ಚಾಲೂ ಆಗಲು ಬಿಡುವ ಇಮೊಬಿಲೈಸರ್ ಅವುಗಳಲ್ಲಿ ಅನೇಕಕ್ಕೆ ಇರಲಿಲ್ಲ. ನೆರೆಯ ಕೆನಡಾ ಅದನ್ನು 2007ರಲ್ಲೇ ಕಡ್ಡಾಯಗೊಳಿಸಿತ್ತು. 2023ರ ಫೆಬ್ರವರಿಯಲ್ಲಿ ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಉಚಿತ ದುರಸ್ತಿ ಘೋಷಿಸಿದವು. ಈ ಕಳವುಗಳಿಂದಾದ ಅಪಘಾತಗಳಲ್ಲಿ ಅಷ್ಟರೊಳಗೆ ಎಂಟು ಮಂದಿ ಸತ್ತಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ದೂರದಿಂದಲೇ ಎಂಜಿನ್ ಚಾಲೂ ಮಾಡುವ ರಿಮೋಟ್ ಸ್ಟಾರ್ಟರ್ ಕೂಡಿಸುವಾಗ, ಇಮೊಬಿಲೈಸರ್ ಅಡ್ಡಿಮಾಡದಿರಲೆಂದು ಇನ್ನೊಂದು ಕೀಲಿಯನ್ನು ಕಾರಿನೊಳಗೇ ಅಡಗಿಸಿಡುವವರುಂಟು. ಇದು ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟಂತೆ. ಕಾರು ಕೊಳ್ಳುವವರು ಮೊದಲು ಕೇಳಬೇಕಾದದ್ದು ಅಲಾರಮಿನ ಸದ್ದನ್ನಲ್ಲ, ಇಮೊಬಿಲೈಸರ್ ಉಂಟೇ ಎಂಬುದನ್ನು ಎಂದು ನಾವು ಭಾವಿಸುತ್ತೇವೆ.