ಕಪ್ಪೆ ನೆನಪಿದೆ, ದಾಸೋಜ ಯಾರು?

ಇಂಟರ್ನಲ್ಸ್ ಮುಗಿದ ರಾತ್ರಿ ಶ್ರೀನಗರದ ನಮ್ಮ ರೂಮಿನಲ್ಲಿ ಒಂದು ಹಳೇ ಸಿನಿಮಾ ಹಾಕೋದು ವಾಡಿಕೆ. ಈ ಸಲ 1964ರ ‘ಅಮರಶಿಲ್ಪಿ ಜಕಣಾಚಾರಿ’. ಬಿ.ಎಸ್. ರಂಗಾ ನಿರ್ದೇಶನ, ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಇದ್ದಾರೆ. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ ಕೂಡ ಇದೇ. ಸಿನಿಮಾ ಮುಗಿದು ಚಹಾ ಕುಡಿಯುವಾಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀವಿ.

ಐತಿಹ್ಯ ಎಲ್ಲರಿಗೂ ಗೊತ್ತಿರೋದೇ. ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ಮೂರ್ತಿಯನ್ನು ನೋಡಿ ಒಬ್ಬ ಹುಡುಗ ‘ಕಲ್ಲಿನಲ್ಲಿ ದೋಷ ಇದೆ’ ಅಂತಾನೆ. ದೋಷ ಇದ್ದರೆ ಕೈ ಕತ್ತರಿಸಿಕೊಳ್ತೀನಿ ಅಂತ ಜಕಣ ಪಣ ತೊಡ್ತಾನೆ. ಮೈಗೆಲ್ಲ ಗಂಧ ಮೆತ್ತಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗೋದಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಜೊತೆಗೆ ಒಂದು ಕಪ್ಪೆ! ಆ ಹುಡುಗ ಡಂಕಣ ಅವನದೇ ಮಗ. ಪ್ರೈಮರಿ ಸ್ಕೂಲ್ ಟ್ರಿಪ್ಪಿನಲ್ಲಿ ಕೇಳಿದಾಗಲೂ ರೋಮಾಂಚನ, ಲ್ಯಾಪ್‌ಟಾಪಿನಲ್ಲಿ ನೋಡಿದಾಗಲೂ ರೋಮಾಂಚನ.

ತೊಂದರೆ ಇರೋದು ಒಂದೇ. 1117ರಲ್ಲಿ ಪ್ರತಿಷ್ಠೆಯಾದ ಆ ದೇವಸ್ಥಾನದ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕಲ್ಲಿನ ಮೇಲೆ ಬರೆದಿದ್ದಾರೆ. ಅದರಲ್ಲಿ ಜಕಣಾಚಾರಿ ಇಲ್ಲ. ಇರೋದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಹಲವರು. ಅಪ್ಪನ ಮದನಿಕೆಯ ಪೀಠದಲ್ಲಿ ಅಪ್ಪನ ಸಹಿ, ಮಗನದರಲ್ಲಿ ಮಗನದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂಬೈನೂರು ವರ್ಷದ ಹಿಂದಿನ ಕಮಿಟ್ ಹಿಸ್ಟರಿ. ಇದೇನು ಮೊನ್ನೆ ಮೊನ್ನೆ ಸಿಕ್ಕ ವಿಷಯವೂ ಅಲ್ಲ. ಆರ್. ನರಸಿಂಹಾಚಾರ್ ಬೇಲೂರಿನ ಬಗ್ಗೆ ಬರೆದ ಪುಸ್ತಕ ಅಚ್ಚಾದದ್ದು 1919ರಲ್ಲಿ. ಸಿನಿಮಾ ಬರುವ ಹೊತ್ತಿಗೆ ಅದಕ್ಕೆ 45 ವರ್ಷ ವಯಸ್ಸು.

‘ಲೋ, ಸಿನಿಮಾ ನೋಡೋಕೆ ಕೂತಿದ್ದೀಯೋ, ಎಕ್ಸಾಮ್ ಬರೆಯೋಕೋ?’ ಅಂದ ನಮ್ಮಲ್ಲೇ ಒಬ್ಬ. ಮಾತು ಸುಳ್ಳಲ್ಲ. ಶ್ರೀನಗರದಿಂದ ನಡೆದು ಹೋದರೆ ಕೆಂಪಾಂಬುಧಿ ಕೆರೆ, ಅಲ್ಲಿ ಕೆಂಪೇಗೌಡರ ಹೆಸರಿನ ಗಡಿ ಗೋಪುರ. 2011ರ ‘ಕೆಂಪೇಗೌಡ’ದಲ್ಲಿ ಸುದೀಪ್ ಪೊಲೀಸ್ ಇನ್ಸ್‌ಪೆಕ್ಟರ್. ಗೋಪುರ ಕಟ್ಟಿಸಿದ್ದು ಇನ್ಸ್‌ಪೆಕ್ಟರ್ ಅಂತ ಯಾರೂ ಅಂದುಕೊಂಡಿಲ್ಲ. ‘ಕೆಜಿಎಫ್’ನ ನರಾಚಿಯೂ ಹಾಗೇ, ಅದು ಕಟ್ಟುಕತೆ ಅಂತ ಗೊತ್ತಿದ್ದೇ ಶಿಳ್ಳೆ ಹೊಡೆದೆವು. (ಆದರೂ ರಾಕಿಯ ಡೈಲಾಗ್ ಬಾಯಿಪಾಠ ಇರುವ ನಮ್ಮಲ್ಲಿ, ನಿಜವಾದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ ಅನ್ನೋದು ಎಷ್ಟು ಜನಕ್ಕೆ ಗೊತ್ತು?)

ಹಾಗಾಗಿ ಕತೆ ಕಟ್ಟಬೇಡಿ ಅಂತ ನಾವು ಹೇಳ್ತಾ ಇಲ್ಲ. ರಾಜ ಮನೆಯಲ್ಲಿ ಹೇಗೆ ಮಾತಾಡಿದ, ರಾಣಿ ಯಾವಾಗ ಅತ್ತಳು ಅನ್ನೋದು ಯಾವ ಶಾಸನದಲ್ಲೂ ಇರಲ್ಲ, ಅದನ್ನು ಕಲ್ಪಿಸಿಕೊಳ್ಳಲೇಬೇಕು. ಡ್ಯುಯೆಟ್ ಬೇಕಾ, ಇಟ್ಟುಕೊಳ್ಳಿ. ನಮ್ಮ ತಕರಾರು, ಗೊತ್ತಿರುವ ಹೆಸರನ್ನೂ ತೆಗೆದು ಅಲ್ಲಿ ಒಬ್ಬ ಹೀರೋನನ್ನು ಕೂರಿಸೋದರ ಬಗ್ಗೆ. ಗ್ರೂಪ್ ಪ್ರಾಜೆಕ್ಟ್ ಮಾಡಿದ ಯಾರಿಗೂ ಈ ಹೊಟ್ಟೆಯುರಿ ಹೊಸದಲ್ಲ. ರಾತ್ರಿಯೆಲ್ಲ ಕೂತು ಕೋಡ್ ಬರೆದವರು ನಾಲ್ವರು, ಸ್ಟೇಜ್ ಮೇಲೆ ಶಾಲು ಹೊದ್ದವನು ಒಬ್ಬ. ನಮ್ಮ ರಾಜ್ಯದಲ್ಲಿ ಶಿಲ್ಪಿಗಳಿಗೆ ಕೊಡುವ ಸರ್ಕಾರಿ ಪ್ರಶಸ್ತಿ ಕೂಡ ಜಕಣಾಚಾರಿ ಹೆಸರಿನಲ್ಲೇ ಇದೆ. ದಾಸೋಜನ ಹೆಸರಿನಲ್ಲಿ ಏನಿದೆ?

ರಂಗಾ ಅವರನ್ನು ಬೈಯೋಕೆ ನಮಗೆ ಮನಸ್ಸಿಲ್ಲ. ಜನ ತಲೆತಲಾಂತರದಿಂದ ಹೇಳಿಕೊಂಡು ಬಂದದ್ದನ್ನು ಅವರು ಪ್ರೀತಿಯಿಂದ ತೆರೆಗೆ ತಂದರು. ಆದರೆ ಇವತ್ತು ಅದೇ ಬೇಲೂರಿನ ಮೇಲೆ ಯಾರಾದರೂ ಸಿನಿಮಾ ಮಾಡಿದರೆ? ಬಳ್ಳಿಗಾವೆ ಇರೋದು ಶಿವಮೊಗ್ಗ ಜಿಲ್ಲೆಯಲ್ಲಿ, ಬೇಲೂರಿಗೆ ಹತ್ತಿರಹತ್ತಿರ ಇನ್ನೂರು ಕಿಲೋಮೀಟರ್. ಅಷ್ಟು ದೂರದಿಂದ ಅಪ್ಪ-ಮಗ ಬರ್ತಾರೆ. ಒಂದೇ ಗುಡಿಯಲ್ಲಿ, ಅಕ್ಕಪಕ್ಕದಲ್ಲಿ ಕೆಲಸ. ಮಗನ ಕೈ ಅಪ್ಪನ ಕೈಗಿಂತ ನಾಜೂಕಾಗ್ತಿದೆ ಅಂತ ಅಪ್ಪನಿಗೆ ಯಾವತ್ತು ಅನ್ನಿಸಿರಬಹುದು? ಖುಷಿಯಾಯಿತೋ, ಚುರುಕ್ ಅಂದಿತೋ? ಒಬ್ಬ ಒಳ್ಳೇ ಸ್ಕ್ರೀನ್‌ಪ್ಲೇ ರೈಟರ್‌ಗೆ ಇಷ್ಟು ಸಾಲದಾ? ಕೈ ಕತ್ತರಿಸೋದೂ ಬೇಡ, ಕಪ್ಪೆಯೂ ಬೇಡ.

ಸಿನಿಮಾ ನೋಡಿದ ಮುಂದಿನ ಭಾನುವಾರ ನಾವು ಐದು ಜನ ಬೇಲೂರಿಗೆ ಹೋಗಿ ಬಂದೆವು. ಸಿನಿಮಾ ನೋಡದಿದ್ದರೆ ಹೋಗ್ತಿರಲಿಲ್ಲ, ಅದನ್ನೂ ಒಪ್ಪಿಕೊಳ್ತೀವಿ. ಪಕ್ಕದ ಗುಂಪಿಗೆ ಗೈಡ್ ಕಪ್ಪೆ ಕತೆಯನ್ನೇ ಹೇಳ್ತಿದ್ದರು, ನಾವೂ ನಿಂತು ಪೂರ್ತಿ ಕೇಳಿದೆವು. ಆಮೇಲೆ ಮದನಿಕೆಗಳ ಕಡೆ ಫೋನ್ ಎತ್ತಿ ಜೂಮ್ ಮಾಡಿದೆವು. ಅವು ಸೂರಿನ ಕೆಳಗೆ, ಕತ್ತು ನೋಯುವಷ್ಟು ಎತ್ತರದಲ್ಲಿವೆ. ಒಂದರ ಪೀಠದಲ್ಲಿ ಅಕ್ಷರ ಕಂಡ ಹಾಗಾಯಿತು. ಕನ್ನಡವೇ, ಆದರೆ ಹಳೇ ಲಿಪಿ. ಕನ್ನಡ ಸಂಘದವರು ಐದೂ ಜನ ಬಾಯಿಬಿಟ್ಟುಕೊಂಡು ನೋಡಿದ್ದೇ ಬಂತು, ಒಂದಕ್ಷರ ಓದಲಾಗಲಿಲ್ಲ.

ಫೋಟೊ ಇನ್ನೂ ಫೋನಿನಲ್ಲಿದೆ. ನಿಮ್ಮಲ್ಲಿ ಯಾರಿಗಾದರೂ ಓದಲು ಬಂದರೆ ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಕ್ಲಬ್ ರೂಮಿಗೆ ಬನ್ನಿ. ಚಹಾ ನಮ್ಮದು.